ಏಪ್ರಿಲ್ 30ಕ್ಕೆ ನಮ್ಮ ವಿಪಿಎನ್ ಸರ್ವರ್ ಬಂದ್: ಗ್ರಾಹಕರಿಗೆ ಪತ್ರ

ಮಾನ್ಯರೇ,

ಅಂಗಡಿಯ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ತೆರೆಯಲಿಕ್ಕೂ ಹೊರಗಿನ ವೈ-ಫೈನಲ್ಲಿ ಇಂಟರ್ನೆಟ್ ನೋಡಲಿಕ್ಕೂ ನೀವು ಬಳಸುವ ನಮ್ಮ ವಿಪಿಎನ್ (ಇಂಟರ್ನೆಟ್ ಮೇಲೆ ಬೇರೆಯವರು ಓದಲಾಗದ ಖಾಸಗಿ ದಾರಿ) ಸರ್ವರನ್ನು ಏಪ್ರಿಲ್ 30ಕ್ಕೆ ನಿಲ್ಲಿಸುತ್ತೇವೆ. ಮಾರ್ಚ್ ಲೆಕ್ಕ ಮುಗಿಯಲಿ ಎಂದೇ ಈ ತಾರೀಖು. ಬದಲಿಗೆ ನಿಮ್ಮ ಅಂಗಡಿಯಲ್ಲೇ ವೈರ್‌ಗಾರ್ಡ್ ಎಂಬ ವಿಪಿಎನ್ ಸಾಫ್ಟ್‌ವೇರ್ ಕೂರಿಸಿ ಕೊಡುತ್ತೇವೆ.

ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸಾರ್ವಜನಿಕರಿಗೆ ವಿಪಿಎನ್ ಕೊಡುವವರು ಗ್ರಾಹಕರ ಹೆಸರು, ವಿಳಾಸ, ಫೋನ್, ಕೊಟ್ಟ ಐಪಿ (ನೆಟ್‌ನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ), ಸೇವೆ ಯಾಕೆ ಬೇಕಾಯಿತು ಎಂಬುದನ್ನೂ ಬರೆದಿಡಬೇಕು. ಗ್ರಾಹಕರು ಬಿಟ್ಟುಹೋದ ಮೇಲೂ 5 ವರ್ಷ. ಸಂಸ್ಥೆಯೊಂದು ತನ್ನ ಸಿಬ್ಬಂದಿಗಷ್ಟೇ ಇಟ್ಟುಕೊಂಡ ವಿಪಿಎನ್‌ಗೆ ಈ ಪಟ್ಟಿಯ ನಿಯಮವಿಲ್ಲ. ಎಕ್ಸ್‌ಪ್ರೆಸ್‌ವಿಪಿಎನ್‌ನಂಥ ದೊಡ್ಡವರು ಆ ವರ್ಷವೇ ಭಾರತದ ಸರ್ವರ್ ಕಿತ್ತುಕೊಂಡು ಹೋದರು. ನಾವು ಹುಬ್ಬಳ್ಳಿ ಬಿಟ್ಟು ಎಲ್ಲಿಗೆ ಹೋಗೋಣ? ನಿಮ್ಮೆಲ್ಲರ ವಿವರ ಒಂದೇ ಕಡೆ ವರ್ಷಗಟ್ಟಲೆ ಬಿದ್ದಿರುವುದು ಕಳ್ಳರಿಗೇ ಅನುಕೂಲ. ಈಗಾಗಲೇ ಇರುವ ವಿವರವನ್ನು ಮಾತ್ರ ಕಾನೂನಿನಂತೆ ಅಳಿಸಲು ಬರುವುದಿಲ್ಲ. ಎನ್‌ಕ್ರಿಪ್ಟ್ ಮಾಡಿದ ಡಿಸ್ಕಿನಲ್ಲಿ, ನೆಟ್‌ಗೆ ಜೋಡಿಸದೆ ಇಡುತ್ತೇವೆ.

ನಾವು ಬರುವ ಮೊದಲು ರೂಟರ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ನಿಮ್ಮ ರೂಟರ್‌ಗೆ ಕೊಟ್ಟ ಐಪಿ) ನೋಡಿ. ಅದು 100.64ರಿಂದ 100.127ರ ಒಳಗಿದ್ದರೆ ಹೊರಗಿನಿಂದ ಅಂಗಡಿಗೆ ದಾರಿಯೇ ಇಲ್ಲ. ಆಗ ಇಂಟರ್ನೆಟ್ ಕಂಪನಿಯಿಂದ ಸ್ಟ್ಯಾಟಿಕ್ ಐಪಿ (ಬದಲಾಗದ, ನಿಮಗೇ ಮೀಸಲಾದ ಐಪಿ) ಕೇಳಬೇಕು. ಮನೆಯಿಂದ ಸಂಪರ್ಕಿಸುವ ಫೋನಿಗೆ ಸ್ಟ್ಯಾಟಿಕ್ ಐಪಿ ಬೇಡ. ವೈರ್‌ಗಾರ್ಡ್ ಒಳಬರುವ ಬಾಗಿಲಾದ ಯುಡಿಪಿ 51820 ಪೋರ್ಟನ್ನು ರೂಟರಿನಲ್ಲಿ ನಾವು ತೆರೆಯುತ್ತೇವೆ.

ಹೆಚ್ಚು ಕಾಡುವುದು ಬೇರೆ. ಅಮರಗೋಳದ ಅಂಗಡಿಯೊಳಗಿನ ಐಪಿಗಳೂ ಧಾರವಾಡದ ಮನೆಯೊಳಗಿನವೂ 192.168.1ರಿಂದಲೇ ಶುರುವಾಗುತ್ತಿದ್ದರೆ ಟ್ಯಾಲಿಯನ್ನು ಹುಡುಕುವ ಲ್ಯಾಪ್‌ಟಾಪ್ ಮನೆಯೊಳಗೇ ಸುತ್ತುತ್ತದೆ. ಅಂಗಡಿಯದನ್ನು 192.168.47ಕ್ಕೆ ಬದಲಿಸುತ್ತೇವೆ. ಆಗ ಬಿಲ್ ಪ್ರಿಂಟರ್, ಸಿಸಿ ಕ್ಯಾಮೆರಾಗಳಿಗೆ ಕೈಯಿಂದ ಹಾಕಿದ ಐಪಿಯೂ ಬದಲಾಗಬೇಕು. ಅವುಗಳ ಪಾಸ್‌ವರ್ಡ್ ಹುಡುಕಿಡಿ.

ವೈರ್‌ಗಾರ್ಡ್‌ಗೆ ಎರಡು ಕೀಲಿಗಳು: ಗುಟ್ಟಾಗಿಡುವ ಪ್ರೈವೇಟ್ ಕೀ ನಿಮ್ಮ ಫೋನಿನಲ್ಲೇ ಹುಟ್ಟುತ್ತದೆ, ನಮಗೆ ಬೇಕಿರುವುದು ಅದರ ಜೋಡಿಯಾದ, ಹಂಚಬಹುದಾದ ಪಬ್ಲಿಕ್ ಕೀ ಮಾತ್ರ. ಪ್ರೈವೇಟ್ ಕೀಯನ್ನು ವಾಟ್ಸ್‌ಆ್ಯಪ್‌ನಲ್ಲಿ ಯಾರಿಗೂ, ನಮಗೂ, ಕಳಿಸಬೇಡಿ. ಕೀ ತಪ್ಪಿದ್ದರೆ ವೈರ್‌ಗಾರ್ಡ್ ದೂರು ಹೇಳದೆ ಸುಮ್ಮನಿರುತ್ತದೆ. ಬಟನ್ ಆನ್ ಇದೆ ಎಂದು ನಂಬದೆ ಎರಡೂ ಕಡೆ ಸಂಪರ್ಕ ಕೂಡಿದ್ದನ್ನು ಹೇಳುವ ‘ಲೇಟೆಸ್ಟ್ ಹ್ಯಾಂಡ್‌ಶೇಕ್’ ಸಾಲು ಬಂತೇ ನೋಡಿ. ಫೋನ್ ಕಳೆದರೆ ಅದೇ ದಿನ ತಿಳಿಸಿ, ಆ ಒಂದು ಕೀ ತೆಗೆಯುತ್ತೇವೆ, ಉಳಿದವರ ಸಂಪರ್ಕಕ್ಕೆ ತೊಂದರೆಯಿಲ್ಲ.

ಒಂದು ಮಾತು ಸ್ಪಷ್ಟವಿರಲಿ: ಇದು ಅಂಗಡಿಯ ದಾರಿಯನ್ನಷ್ಟೇ ಕಾಯುತ್ತದೆ. ನೀವು ಯಾವ ಸೈಟ್‌ಗೆ ಹೋದಿರಿ ಎಂಬುದನ್ನು ನಿಮ್ಮ ಇಂಟರ್ನೆಟ್ ಕಂಪನಿಯಿಂದ ಮರೆಮಾಡುವುದಿಲ್ಲ. ಆ ಕಂಪನಿಗಳು ಐಪಿ ದಾಖಲೆಯನ್ನು ಕನಿಷ್ಠ 2 ವರ್ಷ ಇಡಬೇಕೆಂದು 2021ರ ಡಿಸೆಂಬರ್‌ನಲ್ಲಿ ಲೈಸೆನ್ಸ್ ಷರತ್ತೇ ಬದಲಾಗಿದೆ. ಯಾವ ಸೈಟ್ ನೋಡಿದೆವೆಂಬುದು ಆ ಕಂಪನಿಗೂ ತಿಳಿಯಬಾರದು ಎನ್ನುವವರಿಗೆ ನಮ್ಮ ಬಳಿ ಸದ್ಯ ಸೇವೆಯಿಲ್ಲ.