ಮೊದಲ ಆಲ್ಬಂಗೆ ಹೊರಟ ಹಾಡುಗಾರ್ತಿಗೆ

ಪ್ರೀತಿಯ ತಂಗಿ,

ಧಾರವಾಡದಿಂದ ನೀನು ಕಳಿಸಿದ ಹದಿನಾಲ್ಕೂ ಹಾಡು ಕೇಳಿದೆ. ಆರು ನಿಜಕ್ಕೂ ಚೆನ್ನಾಗಿವೆ. ಮೂರನ್ನು ತಿದ್ದಿದರೆ ನಿಲ್ಲುತ್ತವೆ. ಉಳಿದವನ್ನು ವರ್ಷ ಕಳೆಯುವುದರೊಳಗೆ ನೀನೇ ಮರೆತಿರುತ್ತೀ, ಅದಕ್ಕೆ ಬೇಸರ ಬೇಡ. ಆದರೆ ನಿನ್ನ ಪ್ರಶ್ನೆ ಇದ್ದದ್ದು ಹಾಡಿನ ಬಗ್ಗೆ ಅಲ್ಲ. ಬೆಂಗಳೂರಿನಲ್ಲಿ ಒಳ್ಳೆಯ ಸ್ಟುಡಿಯೋ ಯಾವುದು, ಗಂಟೆಗೆ ಎಷ್ಟು ತೆಗೆದುಕೊಳ್ಳುತ್ತಾರೆ ಅಂತ ಕೇಳಿದ್ದೀ. ಅದನ್ನು ಆಮೇಲೆ ನೋಡೋಣ. ಈ ಹಾಡುಗಳು ಒಂದೇ ಆಲ್ಬಂನಲ್ಲಿ ಯಾಕಿರಬೇಕು ಅನ್ನುವುದನ್ನು ಮೊದಲು ನನಗೆ ಹೇಳು.

ಸಿನಿಮಾಕ್ಕೆ ಬರೆಯುವವನಿಗೆ ಈ ತಲೆನೋವಿಲ್ಲ. ಸನ್ನಿವೇಶ ನಿರ್ದೇಶಕರು ಹೇಳುತ್ತಾರೆ, ಟ್ಯೂನ್ ಮೊದಲೇ ಬಂದಿರುತ್ತದೆ, ನಾಳೆ ಸಂಜೆಯೊಳಗೆ ಚರಣ ಬೇಕು ಅಂತ ಫೋನೂ ಬರುತ್ತದೆ. ನಾವು ಅದನ್ನೆಲ್ಲ ಬೈದುಕೊಂಡೇ ಬರೆದಿದ್ದೇವೆ, ಬೈದದ್ದರಲ್ಲಿ ಅರ್ಧ ನ್ಯಾಯವೂ ಹೌದು. ಆದರೆ ಕೆಲಸ ಮುಗಿಯುತ್ತಿದ್ದದ್ದೂ ಆ ಫೋನಿನಿಂದಲೇ. ನಿನಗೆ ಸಾಕು ಅನ್ನುವವರು ಯಾರೂ ಇಲ್ಲ. ಲ್ಯಾಪ್‌ಟಾಪಿನಲ್ಲಿ ಎಷ್ಟು ಟ್ರ್ಯಾಕ್ ಬೇಕಾದರೂ ಕೂಡಿಸಬಹುದು, ಎಷ್ಟು ಸಲ ಬೇಕಾದರೂ ಮಿಕ್ಸ್ ಬದಲಿಸಬಹುದು. ಸ್ವತಂತ್ರವಾಗಿ ಆಲ್ಬಂ ಮಾಡುತ್ತೇನೆ ಅಂತ ಹೊರಟು ನಾಲ್ಕೈದು ವರ್ಷವಾದರೂ ಹಾರ್ಡ್ ಡಿಸ್ಕಿನಿಂದ ಆಚೆ ಬಾರದವರು ನನಗೆ ಬಹಳ ಮಂದಿ ಗೊತ್ತು. ಪ್ರತಿಭೆಗೆ ಕಡಿಮೆ ಇದ್ದವರಲ್ಲ. ಬೇಲಿ ಹಾಕಿಕೊಳ್ಳಲಿಲ್ಲ, ಅಷ್ಟೇ.

ಕ್ಯಾಸೆಟ್ ಕಾಲದಲ್ಲಿ ಆ ಬೇಲಿ ಡಬ್ಬಿಯಲ್ಲೇ ಬರುತ್ತಿತ್ತು: ಅರವತ್ತು ನಿಮಿಷ, ಬದಿಗೆ ಮೂವತ್ತು. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಎಂದು ಹೆಸರಾದ ‘ನಿತ್ಯೋತ್ಸವ’ 1978ರಲ್ಲಿ ಬಂತು. ನಿಸಾರ್ ಅಹಮದರ ಸಾಹಿತ್ಯ, ಮೈಸೂರು ಅನಂತಸ್ವಾಮಿಯವರ ಸಂಗೀತ. ಒಬ್ಬ ಕವಿ, ಒಬ್ಬ ಸಂಯೋಜಕ. ಒಂದು ಬದಿ ಮುಗಿದು ಟೇಪ್ ತಿರುಗಿಸಿ ಹಾಕಿದರೂ ನೀನು ಅದೇ ಲೋಕದಲ್ಲಿ ಇರುತ್ತೀ. ನಿನ್ನ ಹದಿನಾಲ್ಕರಲ್ಲಿ ಒಂದು ಮಳೆ ಹಾಡು, ಒಂದು ರಾಜಕೀಯದ್ದು, ಅಕ್ಕನ ಮದುವೆಗೆ ಬರೆದದ್ದೊಂದು, ಕಾಲೇಜಿನ ಸ್ಪರ್ಧೆಗೆ ಬರೆದದ್ದೊಂದು. ಒಂದೊಂದನ್ನೂ ಬಿಡಿಯಾಗಿ ಬಿಡುಗಡೆ ಮಾಡು, ಯಾರು ಬೇಡ ಅಂದಾರು? ಈ ಕಾಲ ಬಿಡಿ ಹಾಡಿನದೇ. ಆಲ್ಬಂ ಅಂತ ಕರೆಯುವುದಾದರೆ ಮಾತ್ರ ಅವು ಒಂದಕ್ಕೊಂದು ಮಾತಾಡಬೇಕು. ಊರು ಬಿಟ್ಟು ಹಾಸ್ಟೆಲ್ಲಿಗೆ ಬಂದ ಹುಡುಗಿಯ ಮೂರು ಹಾಡುಗಳಿವೆಯಲ್ಲ, ನಿನ್ನ ಆಲ್ಬಂ ಅಲ್ಲಿದೆ ಅಂತ ನನಗೆ ಅನ್ನಿಸಿತು. ಅದರ ಸುತ್ತ ಇನ್ನೂ ನಾಲ್ಕೈದು ಬರೆ.

ಬಾನ್ ಐವರ್ ಎಂಬ ಹೆಸರಿನಲ್ಲಿ ಹಾಡುವ ಅಮೆರಿಕದ ಜಸ್ಟಿನ್ ವರ್ನನ್ ನಿನಗೆ ಇಷ್ಟ ಅಂತ ಬರೆದಿದ್ದೀ. ಹಾಗಾದರೆ ಆತನ ಮೊದಲ ಆಲ್ಬಂ ‘ಫಾರ್ ಎಮ್ಮಾ, ಫಾರೆವರ್ ಅಗೋ’ ಆದ ಬಗೆಯನ್ನು ಸರಿಯಾಗಿ ತಿಳಿದುಕೋ. ಬ್ಯಾಂಡ್ ಒಡೆದಿತ್ತು, ಪ್ರೀತಿ ಮುರಿದಿತ್ತು, ಮೈಯಲ್ಲಿ ಹುಷಾರಿರಲಿಲ್ಲ. ನಾರ್ತ್ ಕೆರೊಲೈನಾ ಬಿಟ್ಟು ತನ್ನ ರಾಜ್ಯ ವಿಸ್ಕಾನ್ಸಿನ್‌ಗೆ ವಾಪಸು ಬಂದು, ಅಪ್ಪನ ಬೇಟೆ ಮನೆಯಲ್ಲಿ 2006–07ರ ಚಳಿಗಾಲವನ್ನು ಹೆಚ್ಚುಕಡಿಮೆ ಒಬ್ಬನೇ ಕಳೆದ. ಸಾಮಾನ್ಯ ಮೈಕು, ಹಳೆಯ ಗಿಟಾರು. ತನ್ನದೇ ದನಿಯನ್ನು ಒಂದರ ಮೇಲೊಂದು ಹಾಡಿ ಸೇರಿಸಿ ಮೇಳವನ್ನೇ ಕಟ್ಟಿದ. ಇದು ನಮೂನೆ, ಕಂಪನಿಗಳಿಗೆ ಕಳಿಸಿದರೆ ಆಯಿತು, ಮುಂದೆ ಸರಿಯಾಗಿ ಮಾಡೋಣ ಅಂದುಕೊಂಡಿದ್ದವನಿಗೆ ಗೆಳೆಯರು ಇದೇ ಆಲ್ಬಂ ಕಣೋ ಅಂದರು. 2007ರಲ್ಲಿ ಸ್ವಂತ ಖರ್ಚಿನಲ್ಲಿ 500 ಸೀಡಿ ಹಾಕಿಸಿದ. ಮರುವರ್ಷ ಜಾಗ್‌ಜಾಗ್ವಾರ್ ಎಂಬ ಸಣ್ಣ ಕಂಪನಿ ಅದನ್ನೇ ಹೊರತಂದಿತು. ಒಂಬತ್ತು ಹಾಡು, ನಲವತ್ತು ನಿಮಿಷವೂ ಇಲ್ಲ.

ಇದನ್ನು ಓದಿದ ಹುಡುಗರು ಕೊಡಗಿನಲ್ಲಿ ಹೋಂಸ್ಟೇ ಹುಡುಕುತ್ತಾರೆ! ಕಾಡಿನ ಕಥೆಗೆ ಮರುಳಾಗಬೇಡ ಮಾರಾಯ್ತಿ. ವರ್ನನ್ ಅದಕ್ಕೆ ಮುಂಚೆಯೇ ವರ್ಷಗಟ್ಟಲೆ ಬ್ಯಾಂಡುಗಳಲ್ಲಿ ನುಡಿಸಿದ್ದ, ತಾನೇ ರೆಕಾರ್ಡಿಂಗ್ ಮಾಡಿದ್ದ, ಯಾರೂ ಅಷ್ಟಾಗಿ ಕೇಳದ ಆಲ್ಬಂಗಳನ್ನು ತಂದಿದ್ದ. ಕೈ ಪಳಗಿತ್ತು. ಹಿಮ ಬಿದ್ದದ್ದರಿಂದ ಹಾಡು ಆಗಲಿಲ್ಲ. ನೀನು ಕಲಿಯಬೇಕಾದದ್ದು ಇಷ್ಟು: ಒಂದು ಕೋಣೆ, ಒಂದು ದನಿ, ಒಂದು ಋತು, ಇದಕ್ಕಿಂತ ಆಚೆ ಹೋಗುವುದಿಲ್ಲ ಅಂತ ಆದ ಮೇಲೆ ಹಾಡುಗಳು ತಾವಾಗಿಯೇ ಅಣ್ಣತಮ್ಮಂದಿರ ಹಾಗೆ ಕಾಣತೊಡಗುತ್ತವೆ. ನಿನ್ನ ಕೋಣೆಯಲ್ಲೇ ಮಾಡು. ಗೋಡೆಗೆ ಕೌದಿ ತೂಗುಹಾಕು, ಫ್ಯಾನ್ ಆರಿಸು, ರಾತ್ರಿ ಹನ್ನೊಂದರ ಮೇಲೆ ಕೂರು. ಸ್ಟುಡಿಯೋ ದುಡ್ಡನ್ನು ದನಿಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗಿಗೆ ಮತ್ತು ಕೊನೆಯ ಹದ ಕೊಡುವ ಮಾಸ್ಟರಿಂಗಿಗೆ ಇಟ್ಟುಕೋ. ಆ ಕೆಲಸಕ್ಕೆ ಬೇರೆಯವರ ಕಿವಿ ಬೇಕೇ ಬೇಕು.

ಆತ ಸಾಹಿತ್ಯ ಬರೆದ ರೀತಿ ಮಾತ್ರ ನಮಗೆ ಸಲೀಸಾಗಿ ಒಗ್ಗುವುದಿಲ್ಲ, ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲು ಅರ್ಥವಿಲ್ಲದ ಉಲಿಯಲ್ಲಿ ಧಾಟಿ ಹಾಡಿಟ್ಟು, ಅದನ್ನೇ ಮತ್ತೆ ಮತ್ತೆ ಕೇಳಿ, ಆ ಉಲಿಯೊಳಗೆ ಯಾವ ಪದ ಕೇಳಿಸುತ್ತದೋ ಅದನ್ನು ಬರೆದುಕೊಂಡ. ಇಂಗ್ಲಿಷಿನಲ್ಲಿ ಸ್ವರವನ್ನು ಎಳೆದರೆ ಪದ ಸಾಮಾನ್ಯವಾಗಿ ಅದೇ ಪದವಾಗಿ ಉಳಿಯುತ್ತದೆ. ಕನ್ನಡದಲ್ಲಿ ಹಾಗಲ್ಲ. ನಿನ್ನ ಐದನೇ ಹಾಡಿನಲ್ಲಿ ‘ಬಳೆ’ಯ ಮೊದಲ ಅಕ್ಷರಕ್ಕೆ ಎರಡು ಮಾತ್ರೆ ಕೊಟ್ಟಿದ್ದೀ. ಅಜ್ಜಿಯ ಕೈಯಲ್ಲಿ ಬಳೆ ಇದ್ದದ್ದು ನಿನಗೆ ಗೊತ್ತು, ನನಗೆ ಕೇಳಿಸಿದ್ದು ಬಾಳೆ. ಒತ್ತಕ್ಷರದ ಮುಂದೆಯೂ ಇದೇ ಪಾಡು. ‘ಕತ್ತಲೆ’ಯ ಮೊದಲ ಅಕ್ಷರ ಲಘುವಾಗಿ ಕಂಡರೂ ಮುಂದಿನ ಒತ್ತಿನಿಂದ ಗುರುವಾಗುತ್ತದೆ. ಅಲ್ಲಿ ಧಾಟಿ ಓಡಿದರೆ ಪದ ಎಡವುತ್ತದೆ. ಧಾಟಿ ಮೊದಲು ಹುಟ್ಟುವುದು ತಪ್ಪಲ್ಲ. ಹುಟ್ಟಿದ ಮೇಲೆ ಒಂದು ಹಾಳೆಯಲ್ಲಿ ಅದರ ಗುರು–ಲಘು ಹಾಕು, ಶಾಲೆಯಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕುತ್ತಿದ್ದೆವಲ್ಲ, ಹಾಗೆ. ಉದ್ದ ಸ್ವರ ಬಿದ್ದಲ್ಲಿ ದೀರ್ಘಾಕ್ಷರವನ್ನೇ ಹುಡುಕು. ಸಿಗಲೇ ಇಲ್ಲವೆಂದರೆ ಧಾಟಿ ಬಾಗಿಸು, ಪದವನ್ನು ಬಾಗಿಸಬೇಡ. ದಾಸರ ಪದ, ಶರೀಫರ ತತ್ವಪದ ಇಷ್ಟು ಕಾಲ ಬಾಯಿಂದ ಬಾಯಿಗೆ ಬಂದದ್ದರಲ್ಲಿ ಈ ಲೆಕ್ಕಕ್ಕೂ ಪಾಲಿದೆ ಅಂತ ನನ್ನ ಗುಮಾನಿ.

ಹಾಡುಗಳ ಅನುಕ್ರಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಡೆಯುತ್ತಾ ಕೇಳು, ಒಂದು ಹಾಡಿನ ಕೊನೆಯ ಶ್ರುತಿಯಿಂದ ಮುಂದಿನದರ ಮೊದಲ ಶ್ರುತಿಗೆ ದಾಟುವಾಗ ಕಿವಿಗೆ ಎಲ್ಲಿ ಕುಲುಕುತ್ತದೆ ಅಂತ ನೋಡು. ಒಂದು ಎಚ್ಚರ ಮಾತ್ರ. ಸ್ಪಾಟಿಫೈನಲ್ಲಿ ಮೂವತ್ತು ಸೆಕೆಂಡು ದಾಟಿದರೆ ತಾನೇ ಲೆಕ್ಕಕ್ಕೆ ಬರುವುದು, ಅದಕ್ಕೇ ಆಲಾಪ ಕತ್ತರಿಸು, ಪಲ್ಲವಿಯಿಂದಲೇ ಶುರು ಮಾಡು ಅಂತ ನಿನಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. 2024ರಿಂದ ಅಲ್ಲಿ ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳಿಸಿಕೊಳ್ಳದ ಹಾಡಿಗೆ ರಾಯಲ್ಟಿಯೇ ಇಲ್ಲ. ಬಂದರೂ ಅದು ಚಹಾದ ದುಡ್ಡು. ಆ ದುಡ್ಡಿಗಾಗಿ ಆಲಾಪ ಕತ್ತರಿಸುವುದು ನನಗೆ ಲಾಭದ ವ್ಯಾಪಾರವಾಗಿ ಕಾಣುವುದಿಲ್ಲ.

ಮಾರಾಟಕ್ಕೆ ಆನಿ ಡಿಫ್ರಾಂಕೋ ದಾರಿ ಇವತ್ತಿಗೂ ಹಳೆಯದಾಗಿಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನ ಹಾಡುಗಾರ್ತಿ. 1990ರಲ್ಲಿ, ಇಪ್ಪತ್ತರ ಆಸುಪಾಸಿನಲ್ಲೇ, ರೈಚಸ್ ಬೇಬ್ ಎಂಬ ಸ್ವಂತ ಕಂಪನಿ ಹೆಸರಿನಲ್ಲಿ ಕ್ಯಾಸೆಟ್ ತಂದಳು. ಊರೂರು ತಿರುಗಿ ಹಾಡಿ, ಹಾಡಿದಲ್ಲೇ ಕ್ಯಾಸೆಟ್ ಮಾರಿದಳು. ದೊಡ್ಡ ಕಂಪನಿಗಳು ಕರೆದರೂ ಹೋಗಲಿಲ್ಲ. ಆಕೆ ಸೀಡಿಯೊಂದಕ್ಕೆ ಎಷ್ಟು ಗಳಿಸುತ್ತಾಳೆ ಎಂಬುದನ್ನೇ ಮುಂದೆ ಮಾಡಿ ಹೊಗಳಿದ ‘ಮಿಸ್’ ಎಂಬ ಸ್ತ್ರೀವಾದಿ ಪತ್ರಿಕೆಗೆ 1997ರಲ್ಲಿ ಬಹಿರಂಗ ಪತ್ರ ಬರೆದು ತಕರಾರು ತೆಗೆದಳು. ತನ್ನನ್ನು ಹಾಡಿನಿಂದ ಅಳೆಯಬೇಕೇ ಹೊರತು ಲೆಕ್ಕದ ಪುಸ್ತಕದಿಂದಲ್ಲ ಎಂಬುದು ಆಕೆಯ ವಾದ. ಮುಂದೆ ತನ್ನೂರಿನ ಪಾಳುಬಿದ್ದ ಚರ್ಚೊಂದನ್ನು ಉಳಿಸಿ ಸರಿಮಾಡಿಸಿದಳು. ಕಂಪನಿಯ ಕಚೇರಿಯೂ ಅಲ್ಲೇ, ಸಂಗೀತ ಕಚೇರಿಯೂ ಅಲ್ಲೇ. ನೀನೂ ಹಾಡಿದಲ್ಲೇ ಮಾರು. ಸೀಡಿ ಯಾರ ಮನೆಯಲ್ಲೂ ಓಡುವುದಿಲ್ಲವಾದರೆ ಸಾಹಿತ್ಯದ ಪುಟ್ಟ ಪುಸ್ತಕ ಮಾಡಿಸಿ ಅದರಲ್ಲಿ ಕ್ಯೂಆರ್ ಕೋಡ್ ಹಾಕು. ಕನ್ನಡದವರು ಪುಸ್ತಕಕ್ಕೆ ಕೈ ಚಾಚುತ್ತಾರೆ.

ಇನ್ನು ಕಾಗದ ಪತ್ರ. ಸಾಹಿತ್ಯ, ಸ್ವರ ಸಂಯೋಜನೆ, ಧ್ವನಿಮುದ್ರಣ ಮೂರೂ ಬೇರೆ ಬೇರೆ ಹಕ್ಕುಗಳು. ನಿನಗೆ ತಬಲಾ ನುಡಿಸುವ ಗೆಳೆಯನಿಗೆ, ಗಿಟಾರ್ ಹುಡುಗನಿಗೆ ಯಾವುದರಲ್ಲಿ ಎಷ್ಟು ಪಾಲು ಅಂತ ರೆಕಾರ್ಡಿಂಗಿಗೆ ಮುಂಚೆಯೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಸ್ನೇಹದಲ್ಲಿ ಇದೆಲ್ಲ ಯಾಕೆ ಅನ್ನುವವನಿಂದ ಮೊದಲು ಸಹಿ ಹಾಕಿಸು. ಮುಂದೆ ಯಾವುದಾದರೂ ಕಂಪನಿ ಇಡಿಯಾಗಿ ಬರೆದುಕೊಡು ಅಂದರೆ ನೆನಪಿರಲಿ, ಸಾಹಿತ್ಯ ಬರೆದವರ ಮತ್ತು ಸಂಗೀತ ಸಂಯೋಜಿಸಿದವರ ರಾಯಲ್ಟಿ ಪಾಲನ್ನು ಬಿಟ್ಟುಕೊಡುವಂತೆ ಬರೆಸಿಕೊಳ್ಳುವುದು 2012ರ ಕೃತಿಸ್ವಾಮ್ಯ ತಿದ್ದುಪಡಿಯ ನಂತರ ನಡೆಯುವುದಿಲ್ಲ.

ಕೊನೆಯ ಹಾಡಿನಲ್ಲಿ ಬೇಂದ್ರೆಯವರ ನಾಲ್ಕು ಸಾಲು ಸೇರಿಸಿದ್ದೀ. ಧಾರವಾಡದವಳು, ಆಸೆ ಸಹಜ. ನಮ್ಮಲ್ಲಿ ಕವಿ ತೀರಿಕೊಂಡ ಮುಂದಿನ ವರ್ಷದಿಂದ ಅರವತ್ತು ವರ್ಷ ಹಕ್ಕು ಇರುತ್ತದೆ. ಬೇಂದ್ರೆ ಹೋದದ್ದು 1981ರಲ್ಲಿ, ಅಂದರೆ 2041 ಮುಗಿಯುವವರೆಗೆ ಅನುಮತಿ ಬೇಕು. ಹಕ್ಕುದಾರರಿಗೆ ಒಂದು ವಿನಯದ ಪತ್ರ ಬರೆದು ಕೇಳು. 1889ರಲ್ಲಿ ತೀರಿಕೊಂಡ ಶರೀಫರ ಪದಕ್ಕೆ ಆ ತೊಡಕಿಲ್ಲ. ಆದರೆ ಅದನ್ನು ಬೇರೆಯವರು ಹಾಕಿದ ಧಾಟಿಯಲ್ಲಿ ಹಾಡಿದರೆ ಆ ಧಾಟಿಗೆ ಒಡೆಯರಿರುತ್ತಾರೆ, ಹೊಸ ಧಾಟಿ ನೀನೇ ಹಾಕು. ನನ್ನ ಅಭಿಪ್ರಾಯ ಕೇಳಿದರೆ ಎರಡೂ ಬೇಡ. ಆ ಹಾಡಿನಲ್ಲಿ ನಿನ್ನ ಸಾಲುಗಳು ಬೇಂದ್ರೆಯವರ ಬೆನ್ನ ಹಿಂದೆ ಅಡಗಿವೆ.

ಯುಗಾದಿಯೊಳಗೆ ಎಂಟು ಹಾಡಿನ ಪಟ್ಟಿ ಕಳಿಸು, ಬಿಟ್ಟ ಹಾಡು ಯಾವುವು ಅಂತಲೂ ಬರೆ. ಪ್ರತಿ ಹಾಡಿನ ಜೊತೆ ಸಾಹಿತ್ಯದ ಹಾಳೆ ಇರಲಿ, ಕೈಬರಹದ್ದಾದರೂ ಸರಿ. ಸ್ಟುಡಿಯೋ ವಿಷಯ ಅದನ್ನು ನೋಡಿದ ಮೇಲೆ ಮಾತಾಡೋಣ. ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ಅಣ್ಣ