ಮಣ್ಣಿನ ವರದಿ ಹೇಳುವುದು ಒಂದು, ನೀವು ಕಳಿಸಿದ ಗೊಬ್ಬರ ಇನ್ನೊಂದು

ಇಂದ,
ಒಬ್ಬ ಅಡಿಕೆ ಬೆಳೆಗಾರ,
ಹುಲೇಕಲ್ ಹೋಬಳಿ, ಶಿರಸಿ ತಾಲೂಕು, ಉತ್ತರ ಕನ್ನಡ

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ಮಣ್ಣು ಪರೀಕ್ಷೆ ಮತ್ತು ಗೊಬ್ಬರ ಮಾರಾಟ ಕಂಪನಿ

ವಿಷಯ: ಮಣ್ಣಿನ ವರದಿಗೆ ಹೊಂದದ ಗೊಬ್ಬರ ಕೊಟ್ಟಿರುವ ಬಗ್ಗೆ. ಹಣ ವಾಪಸ್ ಮತ್ತು ಮರುಪರೀಕ್ಷೆ ಕೋರಿ.

ಮಾನ್ಯರೇ,

ನಿಮ್ಮ ಪ್ರತಿನಿಧಿ ಬೇಸಿಗೆಯಲ್ಲಿ ನಮ್ಮ ಊರಿಗೆ ಬಂದಿದ್ದರು. ತೋಟದ ಮಣ್ಣು ಪರೀಕ್ಷೆ ಮಾಡಿಸಿ, ಅದಕ್ಕೆ ತಕ್ಕ ಗೊಬ್ಬರವನ್ನೂ ನಾವೇ ಕೊಡುತ್ತೇವೆ ಎಂದರು. ಎರಡಕ್ಕೂ ಸೇರಿಸಿ ಮುಂಗಡ ಹಣ ಕಟ್ಟಿಸಿಕೊಂಡರು. ವರದಿ ಬಂತು, ಚೀಲಗಳೂ ಬಂದವು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ನನ್ನ ದೂರು ಇದೇ.

ನಿಮ್ಮದೇ ವರದಿ ಏನು ಹೇಳುತ್ತದೆ ನೋಡಿ. ಮಣ್ಣಿನ ರಸಸಾರ 5.1, ಅಂದರೆ ಹುಳಿ ಮಣ್ಣು. ರಂಜಕ ಮಧ್ಯಮ. ಪೊಟ್ಯಾಷ್ ಕಡಿಮೆ. ಬೋರಾನ್ ಕಡಿಮೆ. ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ನಮ್ಮದು ಜಂಬಿಟ್ಟಿಗೆ ಮಣ್ಣು, ಮಳೆ ಜಾಸ್ತಿ. ಸುಣ್ಣದ ಅಂಶ, ಪೊಟ್ಯಾಷ್ ಎಲ್ಲ ನೀರಿನ ಜೊತೆ ತೊಳೆದು ಹೋಗುತ್ತವೆ. ಅದೇ ವರದಿಯ ಕೆಳಗೆ ನೀವು ಬರೆದಿರುವ ಶಿಫಾರಸು ಮಾತ್ರ ಹೀಗಿದೆ: ಮರಕ್ಕೆ ಅರ್ಧ ಕಿಲೋ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ತಲಾ ಶೇ. 19 ಇರುವ ಗೊಬ್ಬರ), ಒಂದೇ ಸಲಕ್ಕೆ, ಜೂನ್ ತಿಂಗಳಲ್ಲಿ. ಹುಳಿ ಕಡಿಮೆ ಮಾಡುವ ಸುಣ್ಣದ ಮಾತೇ ಇಲ್ಲ. ಬೋರಾನ್ ಸುದ್ದಿಯೂ ಇಲ್ಲ.

ಅಡಿಕೆಗೆ ಎಷ್ಟು ಬೇಕು ಎನ್ನುವುದು ಗುಟ್ಟಿನ ವಿಷಯವಲ್ಲ. ಫಲ ಕೊಡುವ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಬೇಕು. ಜೊತೆಗೆ 12 ಕಿಲೋ ಹಸಿ ಸೊಪ್ಪು, 12 ಕಿಲೋ ಕೊಟ್ಟಿಗೆ ಗೊಬ್ಬರ. ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು ಇದು. ಇಲ್ಲಿ ಅಡಿಕೆ ಬೆಳೆಯುವ ಬಹುತೇಕರಿಗೆ ಗೊತ್ತಿರುವ ಲೆಕ್ಕ.

ಈಗ ನಿಮ್ಮ ಅರ್ಧ ಕಿಲೋ ಲೆಕ್ಕ ಹಾಕೋಣ. ಅದರಲ್ಲಿ ಮೂರೂ ತಲಾ 95 ಗ್ರಾಂ ಸಿಗುತ್ತವೆ. ಸಾರಜನಕ ಹೆಚ್ಚುಕಡಿಮೆ ಸರಿಯಾಯಿತು. ರಂಜಕ ಬೇಕಾದ್ದಕ್ಕಿಂತ ಎರಡು ಪಟ್ಟು ದಾಟಿತು. ಪೊಟ್ಯಾಷ್ 45 ಗ್ರಾಂ ಕಡಿಮೆ ಬಿತ್ತು. ಯಾವುದು ಕಡಿಮೆ ಇದೆ ಎಂದು ವರದಿಯಲ್ಲಿ ಬರೆದಿರೋ ಅದನ್ನೇ ಕಡಿಮೆ ಕೊಟ್ಟಿದ್ದೀರಿ! ಪೊಟ್ಯಾಷ್ ಸರಿಮಾಡಲು ಇದೇ ಗೊಬ್ಬರವನ್ನು ಜಾಸ್ತಿ ಹಾಕಿ ಎನ್ನುವುದಾದರೆ ಮರಕ್ಕೆ ಸುಮಾರು 740 ಗ್ರಾಂ ಬೇಕು. ಆಗ ರಂಜಕ ಮೂರೂವರೆ ಪಟ್ಟು ಆಗುತ್ತದೆ. ಆ ಹೆಚ್ಚುವರಿ ರಂಜಕಕ್ಕೂ ನಾವೇ ದುಡ್ಡು ಕೊಡಬೇಕು. ಹುಳಿ ಮಣ್ಣಿನಲ್ಲಿ ಅದು ಕಬ್ಬಿಣ, ಅಲ್ಯೂಮಿನಿಯಂ ಜೊತೆ ಕಟ್ಟಿಕೊಂಡು ಕೂತುಬಿಡುತ್ತದೆ, ಬೇರಿಗೆ ಸಿಗುವುದು ಸ್ವಲ್ಪವೇ. ಸುಮಾರು 220 ಗ್ರಾಂ ಯೂರಿಯಾ, 200 ಗ್ರಾಂ ರಾಕ್ ಫಾಸ್ಫೇಟ್, 235 ಗ್ರಾಂ ಮ್ಯೂರೇಟ್ ಆಫ್ ಪೊಟ್ಯಾಷ್ ಬೇರೆಬೇರೆಯಾಗಿ ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ಹುಳಿ ಮಣ್ಣಿಗೆ ರಾಕ್ ಫಾಸ್ಫೇಟ್ ಚೆನ್ನಾಗಿಯೇ ಒಗ್ಗುತ್ತದೆ. ಇಷ್ಟನ್ನು ಹೇಳಲು ನಿಮ್ಮ ಕಂಪನಿಗೆ ಕಷ್ಟವೇನಿತ್ತು?

ನಾನು ಗೊಬ್ಬರ ನಕಲಿ ಎಂದು ಹೇಳುತ್ತಿಲ್ಲ. ಚೀಲದ ಮೇಲೆ ಅಚ್ಚಾದಷ್ಟು ಅಂಶ ಒಳಗೆ ಇರಬಹುದು. ಆದರೆ ಮಣ್ಣು ನೋಡಿ ಗೊಬ್ಬರ ಕೊಡುತ್ತೇವೆ ಎಂದು ಹಣ ಪಡೆದು, ಮಣ್ಣನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಗೋದಾಮಿನಲ್ಲಿದ್ದ ಚೀಲ ಕಳಿಸಿದ್ದೀರಿ. ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದಾಗ ಸಿಕ್ಕ ಉತ್ತರ, "ಇದು ಎಲ್ಲ ಬೆಳೆಗೂ ಆಗುತ್ತೆ ಸರ್." ಹಾಗಿದ್ದರೆ ಪರೀಕ್ಷೆಗೆ ಹಣ ಯಾಕೆ ತಗೊಂಡಿರಿ?

ಮಣ್ಣು ತೆಗೆದ ರೀತಿಯೂ ಸರಿ ಇರಲಿಲ್ಲ. ತೋಟದ ಹಲವು ಕಡೆ ದರಕು (ಒಣಗಿದ ಎಲೆ), ಸೊಪ್ಪು ಸರಿಸಿ, ಇಂಗ್ಲಿಷಿನ ವಿ ಆಕಾರದಲ್ಲಿ ಗುಂಡಿ ತೆಗೆದು, ಅದರ ಬದಿಯಿಂದ ಮಣ್ಣು ಕೆತ್ತಬೇಕು. ಎಲ್ಲವನ್ನೂ ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಉಳಿಸುತ್ತಾ ಅರ್ಧ ಕಿಲೋಗೆ ತರಬೇಕು, ನೆರಳಿನಲ್ಲಿ ಒಣಗಿಸಬೇಕು. ನಿಮ್ಮವರು ದಾರಿ ಪಕ್ಕದ ಕಾದಿಗೆಯ (ನೀರು ಬಸಿದು ಹೋಗುವ ಕಾಲುವೆಯ) ಅಂಚಿನಿಂದ ಒಂದು ಮುಷ್ಟಿ ಎತ್ತಿಕೊಂಡು ಹೋದರು. ಹಳ್ಳದಾಚೆಯ ನಮ್ಮ ನೆಂಟರ ತೋಟದ ವರದಿಯಲ್ಲೂ ನನ್ನ ವರದಿಯ ಅಂಕಿಗಳೇ ಇವೆ, ಒಂದು ದಶಾಂಶವೂ ಬದಲಾಗಿಲ್ಲ. ಇದಕ್ಕೆ ನೀವು ಲಿಖಿತವಾಗಿ ಉತ್ತರಿಸಬೇಕು.

ಇನ್ನೊಂದು ಮಾತು ನನಗೆ ಬಹಳ ನೋವು ಕೊಟ್ಟಿತು. ನಿಮ್ಮ ಪ್ರತಿನಿಧಿ ಊರಿನ ಹುಡುಗರ ಎದುರು, ಸೊಪ್ಪು ಹಾಕುವುದೆಲ್ಲ ಹಳೇ ಕಾಲದ್ದು, ಈ ಗೊಬ್ಬರ ಇದ್ದರೆ ಸಾಕು ಎಂದರು. ನಮ್ಮ ಜಿಲ್ಲೆಯಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು, ಬಿಟ್ಟುಕೊಟ್ಟದ್ದು ಸುಮ್ನೆ ಅಲ್ಲ. ಈ ಮಣ್ಣಿಗೆ ಪೊಟ್ಯಾಷ್ ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಹಿಡಿದಿಡುವುದು ಕೊಳೆತ ಸೊಪ್ಪು, ಗೊಬ್ಬರವೇ. ಸೊಪ್ಪಿನ ಮುಚ್ಚಿಗೆ ಇಲ್ಲದ ಬುಡಕ್ಕೆ ಜೂನ್ ಮಳೆಯಲ್ಲಿ ಇಡೀ ವರ್ಷದ ಗೊಬ್ಬರ ಸುರಿದರೆ ಅದು ಕಾದಿಗೆಯಿಂದ ಹಳ್ಳಕ್ಕೆ ಹೋಗುತ್ತದೆ. ಅದಕ್ಕೇ ಮೂರನೇ ಒಂದು ಪಾಲು ಮಳೆಗಾಲದ ಮೊದಲು, ಉಳಿದದ್ದು ಮಳೆ ಕಡಿಮೆಯಾದ ಮೇಲೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹಾಕುವುದು. ನಿಮ್ಮ ಮಾತು ನಂಬಿ ಊರಿನ ಇಬ್ಬರು ಜೂನ್‌ನಲ್ಲೇ ಪೂರ್ತಿ ಹಾಕಿಬಿಟ್ಟಿದ್ದಾರೆ. ಅವರಲ್ಲಿ ಒಬ್ಬರು ಸಾಲ ಮಾಡಿ ಹಣ ಕಟ್ಟಿದವರು. ಅವರ ನಷ್ಟಕ್ಕೆ ಯಾರು ಹೊಣೆ?

ನನ್ನ ಚೀಲಗಳನ್ನು ನಾನು ಬಿಚ್ಚಿಲ್ಲ. ಅವನ್ನು ನಿಮ್ಮ ಖರ್ಚಿನಲ್ಲಿ ವಾಪಸ್ ತೆಗೆದುಕೊಂಡು ಪೂರ್ತಿ ಹಣ ಕೊಡಿ. ನಮ್ಮ ಊರಿನಲ್ಲಿ ಹಣ ಕಟ್ಟಿದ ಎಲ್ಲರ ತೋಟದ ಮಣ್ಣನ್ನೂ ಸರಿಯಾದ ಕ್ರಮದಲ್ಲಿ ಮತ್ತೆ ತೆಗೆದು, ಹೊಸ ಶುಲ್ಕವಿಲ್ಲದೆ ಪರೀಕ್ಷಿಸಿ. ಹೊಸ ಶಿಫಾರಸಿನಲ್ಲಿ ಸುಣ್ಣ ಎಷ್ಟು, ಸುಣ್ಣಕ್ಕೂ ರಸಗೊಬ್ಬರಕ್ಕೂ ನಡುವೆ ಎಷ್ಟು ವಾರ ಬಿಡಬೇಕು, ಬೋರಾನ್ ಹೇಗೆ ಕೊಡಬೇಕು ಎನ್ನುವುದೂ ಇರಲಿ. ಜೂನ್‌ನಲ್ಲಿ ಹಾಕಿದ ಆ ಇಬ್ಬರಿಗೆ ಗೊಬ್ಬರದ ಹಣ ಹಿಂತಿರುಗಿಸಿ.

ಸೆಪ್ಟೆಂಬರ್ ಕಂತಿಗೆ ಹೆಚ್ಚು ದಿನ ಉಳಿದಿಲ್ಲ. ಹಾಗಾಗಿ ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಬೇಕು. ಬರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ. ಪತ್ರದ ಪ್ರತಿಯನ್ನು ಕೃಷಿ ಇಲಾಖೆಗೂ ಕಳಿಸುತ್ತಿದ್ದೇನೆ.

ಇಂತಿ,
ಅಡಿಕೆ ಬೆಳೆಗಾರ

ಲಗತ್ತು: ಎರಡು ತೋಟಗಳ ವರದಿಯ ಪ್ರತಿ, ಹಣ ಕಟ್ಟಿದ ರಸೀದಿ, ಬಿಚ್ಚದ ಚೀಲಗಳ ಫೋಟೋ