ಮದ್ದು ಎಲ್ಲಿಗೆ ತಲುಪಿದೆ ಎಂದು ರೋಗಿಗೂ ಹೇಳಿ

ಮಾನ್ಯ ಸಂಪಾದಕರೇ,

ಹೊಸ ಮದ್ದುಗಳಿಗೆ ಸರಕಾರದ ಒಪ್ಪಿಗೆ ಸಿಗಲು ತಡವಾಗುತ್ತದೆ ಎಂಬ ಮಾತು ಬಂದಾಗಲೆಲ್ಲ ನನಗೆ ಅಣ್ಣನ ನೆನಪಾಗುತ್ತದೆ. ಅವನಿಗೆ ಹೆಪಟೈಟಿಸ್ ಸಿ, ಅಂದರೆ ರಕ್ತದಿಂದ ಹರಡಿ ಲಿವರ್ ಕೆಡಿಸುವ ವೈರಸ್ ರೋಗ, ಇರುವುದು ಗೊತ್ತಾದದ್ದು 2014ರಲ್ಲಿ. ಹಿಂದೊಮ್ಮೆ ಅಡಿಕೆ ಮರದಿಂದ ಬಿದ್ದಾಗ ರಕ್ತ ಏರಿಸಿದ್ದರು, ಅಲ್ಲಿಂದಲೇ ಬಂದಿರಬೇಕು ಎಂದರು ಮಂಗಳೂರಿನ ಡಾಕ್ಟರು. ಆಗ ಇದ್ದದ್ದು ಇಂಟರ್‌ಫೆರಾನ್ ಇಂಜೆಕ್ಷನ್. ವಾರಕ್ಕೊಂದರಂತೆ ತಿಂಗಳುಗಟ್ಟಲೆ. ಜ್ವರ, ಸುಸ್ತು ಜಾಸ್ತಿ, ಗುಣವಾಗುವ ಖಾತ್ರಿ ಇಲ್ಲ. "ಸೊಫೋಸ್ಬುವಿರ್ ಅಂತ ಮಾತ್ರೆ ಬಂದಿದೆ. ಅಮೆರಿಕದಲ್ಲಿ 2013ರ ಡಿಸೆಂಬರ್‌ನಲ್ಲೇ ಒಪ್ಪಿಗೆ ಆಗಿದೆ. ಇಲ್ಲಿಯೂ ಆಗಲಿ, ಸ್ವಲ್ಪ ಕಾಯುವ" ಎಂದರು.

ಸ್ವಲ್ಪ ಅಂದರೆ ಎಷ್ಟು? ಯಾರಿಗೂ ಗೊತ್ತಿರಲಿಲ್ಲ. ದುಬೈಯಲ್ಲಿರುವ ನೆರೆಮನೆಯ ಹುಡುಗನ ಹತ್ತಿರ ತರಿಸಬಹುದಾ ಎಂದು ಕೇಳಿದೆವು. ಅಮೆರಿಕದಲ್ಲಿ 12 ವಾರದ ಮಾತ್ರೆಗೆ 84 ಸಾವಿರ ಡಾಲರ್ ಎಂದು ಅವನೇ ಹುಡುಕಿ ಹೇಳಿದ. ಆಗಿನ ಲೆಕ್ಕಕ್ಕೆ 50 ಲಕ್ಷ ರೂಪಾಯಿ! ತೋಟ ಮಾರಿದರೂ ಆಗದ ಮಾತು. ಮನೆಯಲ್ಲಿ ನೆಲನೆಲ್ಲಿ ಕಷಾಯ ನಡೆದೇ ಇತ್ತು. ಮೆಡಿಕಲ್ ಶಾಪಿನವರು ನನ್ನನ್ನು ಕಂಡರೆ ಸಾಕು, ನಾನು ಕೇಳುವ ಮೊದಲೇ "ಬರಲಿಲ್ಲ ಮಾರಾಯ್ರೇ" ಎನ್ನುತ್ತಿದ್ದರು.

2015ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕಿತು. ಎರಡು ತಿಂಗಳಲ್ಲಿ ನಮ್ಮ ದೇಶದ್ದೇ ಮಾತ್ರೆ ಬಂತು, 28ರ ಡಬ್ಬಿಗೆ 20 ಸಾವಿರದ ಒಳಗೆ. ರಿಬಾವಿರಿನ್ ಎಂಬ ಇನ್ನೊಂದು ಮದ್ದಿನ ಜತೆ 24 ವಾರ ತಿಂದ. ವೈರಸ್ ಹೋಯಿತು. ಆದರೆ ಲಿವರ್ ಆಗಲೇ ಗಟ್ಟಿಯಾಗಿ ಹಾಳಾಗಿತ್ತು. ಈಗಲೂ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್‌ಗೆ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗಬೇಕು. ಆ ಒಂದು ವರ್ಷ ಕಾದದ್ದರಿಂದಲೇ ಹೀಗಾಯಿತು ಎನ್ನಲಾರೆ. ರೋಗ ಒಳಗೆ ಕೂತು ಎಷ್ಟೋ ವರ್ಷ ಆಗಿತ್ತಲ್ವಾ.

ಸುಮ್ನೆ ಕಣ್ಣು ಮುಚ್ಚಿ ಒಪ್ಪಿಗೆ ಕೊಡಿ ಎಂದು ನಾನು ಕೇಳುತ್ತಿಲ್ಲ. ಗೇರುತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷದ ಕೀಟನಾಶಕ ಸುರಿದದ್ದನ್ನು ಕಂಡ ಊರು ನಮ್ಮದು. ತಪಾಸಣೆ ಯಾಕೆ ಬೇಕು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಮೆರಿಕ, ಜಪಾನ್, ಯುರೋಪು ಮೊದಲಾದ ಕಡೆ ಒಪ್ಪಿಗೆ ಪಡೆದ, ಈಗಿನ ಚಿಕಿತ್ಸೆಗಿಂತ ತುಂಬ ಮೇಲಾದ ಮದ್ದುಗಳಿಗೆ ಇಲ್ಲಿ ಮತ್ತೆ ರೋಗಿಗಳ ಮೇಲೆ ಪ್ರಯೋಗ ಬೇಡ ಎಂದು 2024ರ ಆಗಸ್ಟ್‌ನಲ್ಲಿ ಆದೇಶವಾಗಿದೆ. ಒಳ್ಳೆಯದೇ.

ಆದರೆ ಆಗ ನಮ್ಮನ್ನು ಹೆಚ್ಚು ಹಣ್ಣು ಮಾಡಿದ್ದು ಏನೂ ಗೊತ್ತಾಗದೆ ಕೂತದ್ದು. ಅರ್ಜಿ ಯಾವಾಗ ಬಂತು, ಯಾರ ಮುಂದಿದೆ, ಇನ್ನೇನು ಬಾಕಿ? ಅರ್ಜಿ ನೋಡುವ ಸಮಿತಿಗಳ ನಡಾವಳಿ ಸರಕಾರದ ವೆಬ್‌ಸೈಟಿನಲ್ಲಿ ಸಿಗುತ್ತದೆ, ಇಂಗ್ಲಿಷಿನಲ್ಲಿ, ಡಾಕ್ಟರಿಗೆ ಮಾತ್ರ ತಿಳಿಯುವ ಹಾಗೆ. ಅದನ್ನೇ ನಾಲ್ಕು ಸಾಲಲ್ಲಿ, ಕನ್ನಡದಲ್ಲೂ ಹಾಕಿದರೆ ಏನು ನಷ್ಟ?

ಇನ್ನೊಂದು ವಿಷಯ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಈ ರೋಗಕ್ಕೆ ಪರೀಕ್ಷೆ, ಮದ್ದು ಎರಡೂ ಉಚಿತ. ಹೆಚ್ಚಿನವರಿಗೆ 12 ವಾರದ ಮಾತ್ರೆ ಸಾಕು. ಹಿಂದೆ ರಕ್ತ ಏರಿಸಿಕೊಂಡವರು, ಡಯಾಲಿಸಿಸ್ ಮಾಡಿಸುವವರು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಇದನ್ನು ಹೇಳುವ ಕನ್ನಡದ ಕರಪತ್ರ ಒಂದನ್ನೂ ನಮ್ಮ ಪಂಚಾಯತಿನಲ್ಲಿ ನಾನು ಈವರೆಗೆ ನೋಡಿಲ್ಲ.

— ಒಬ್ಬ ಓದುಗ, ಬದಿಯಡ್ಕ, ಕಾಸರಗೋಡು